ಪರ್ಮಲ್‌ನ ಮಾಲೆಯ ಎಂಟು ಮಣಿ

ಮರ್ತೋಲಿಯ ಪರ್ಮಲ್ ಸಿಂಗನ ಹೊಸ್ತಿಲಿನಿಂದ ನೀರಿನ ಊಟೆಗೆ ಇನ್ನೂರ ಹನ್ನೆರಡು ಹೆಜ್ಜೆ. ನಂದಾದೇವಿಯ ಗುಡಿಗೆ ನಾನೂರ ಅರವತ್ತು. ಮಾವನ ಮನೆಗೆ ಹೋಗುವಾಗ ಇಳಿಜಾರು, ಬರುವಾಗ ಏರು; ಆದರೂ ಹೋಗುವಾಗ ಆರು ಸಾವಿರದ ಮುನ್ನೂರಾದರೆ ಬರುವಾಗಲೂ ಅಷ್ಟೇ. ಅವನ ತಾಯಿ ತೀರಿಕೊಂಡ ದಿನ ಚಟ್ಟಕ್ಕೆ ಹೆಗಲು ಕೊಟ್ಟು ಹೊಳೆಯ ದಂಡೆಗೆ ಇಳಿದವನು, ಎಲ್ಲ ಮುಗಿಸಿಕೊಂಡು ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದು, ಹೆಂಡತಿ ಪದಿಮಾ ಕೊಟ್ಟ ನೀರು ಕುಡಿದು, ಮೊದಲು ಆಡಿದ ಮಾತು ‘ಮೂರು ಸಾವಿರದ ನಲವತ್ತು’ ಎಂದು. ಬೇರೆ ಹೆಂಗಸಾಗಿದ್ದರೆ ಚೊಂಬು ಎತ್ತಿ ತಲೆಗೆ ಹಾಕುತ್ತಿದ್ದಳು. ಪದಿಮಾ ಇನ್ನೊಂದು ಚೊಂಬು ನೀರು ತಂದುಕೊಟ್ಟಳು. ಗಂಡನ ಅಳು ಯಾವ ದಾರಿಯಲ್ಲಿ ಹೊರಗೆ ಬರುತ್ತದೆ ಎನ್ನುವುದು ಅವಳಿಗೆ ಆ ಹೊತ್ತಿಗೆ ಗೊತ್ತಾಗಿತ್ತು.

ಹುಟ್ಟಿನಿಂದ ಅವನು ಹೀಗಿರಲಿಲ್ಲ. ಮೂವತ್ತೊಂದು ತುಂಬುವವರೆಗೆ ನಮ್ಮ ಜೋಹಾರ ಕಣಿವೆಯ ಎಲ್ಲ ಗಂಡಸರ ಹಾಗೆಯೇ ಇದ್ದ. ಚಳಿಗಾಲಕ್ಕೆ ಸಂಸಾರ ಕಟ್ಟಿಕೊಂಡು ತೇಜಮ್‌ಗೆ ಇಳಿಯುವುದು, ಹಿಮ ಕರಗಿದ ಮೇಲೆ ಮರ್ತೋಲಿಗೆ ಹತ್ತುವುದು, ಘಾಟಿ ತೆರೆದ ಕೂಡಲೇ ಕುರಿಗಳ ಬೆನ್ನಿಗೆ ಬಾರ್ಲಿ, ಬೆಲ್ಲ, ಬಟ್ಟೆಯ ಚೀಲ ಬಿಗಿದು ಆಚೆಯ ಟಿಬೆಟ್ಟಿಗೆ, ನಮ್ಮ ಬಾಯಲ್ಲಿ ಹುಣದೇಶಕ್ಕೆ, ಹೋಗಿ ಉಪ್ಪು, ಉಣ್ಣೆ, ಬಿಳಿಗಾರ ತರುವುದು. ಗ್ಯಾನಿಮಾದ ಬಯಲಿನಲ್ಲಿ ಸಂತೆ. ಅಲ್ಲಿಯವರೆಗೆ ಹೋಗಬಹುದು. ಅಲ್ಲಿಂದ ಮುಂದೆ ಪವಿತ್ರ ಸರೋವರಕ್ಕೆ ಯಾತ್ರೆಗೆಂದು ಕೇಳಿಕೊಂಡು ಹೋಗಬಹುದು. ಅದರಾಚೆ ನಮ್ಮವರು ಕಾಲಿಡುವಂತಿಲ್ಲ.

ಆ ನೆಲದಲ್ಲಿ ನಮ್ಮ ಒಂದೊಂದು ಮನೆಗೂ ಒಬ್ಬೊಬ್ಬ ಮಿತ್ರ. ಅಜ್ಜನ ಮಿತ್ರನ ಮಗ ಅಪ್ಪನ ಮಿತ್ರ, ಅವನ ಮಗ ನಮ್ಮ ಮಿತ್ರ. ಮಿತ್ರನನ್ನು ಬಿಟ್ಟು ಬೇರೆಯವರ ಹತ್ತಿರ ಒಂದು ಹಿಡಿ ಉಪ್ಪನ್ನೂ ಕೊಳ್ಳುವಂತಿಲ್ಲ; ಅವನು ಜೊತೆಗಿದ್ದರೆ ಅವನ ಡೇರೆಯವರೆಗೆ ಹೋಗಿ ಬರಬಹುದು. ಹೊಳೆಯ ಕಲ್ಲೊಂದನ್ನು ಎರಡಾಗಿ ಒಡೆದು, ಒಂದೇ ಬಟ್ಟಲಿನಲ್ಲಿ ಇಬ್ಬರೂ ಉಪ್ಪಿನ ಚಹಾ ಕುಡಿದು, ಅರ್ಧ ಕಲ್ಲು ಇವನು ಇಟ್ಟುಕೊಳ್ಳಬೇಕು, ಅರ್ಧ ಅವನು. ಕಲ್ಲು ಒಡೆದ ಮೇಲೆ ಒಬ್ಬರ ತಪ್ಪಿಗೆ ಇನ್ನೊಬ್ಬರು ಹೊಣೆ. ನಮ್ಮವನು ಹೋಗಬಾರದ ಕಡೆ ಹೋದ ಎಂದು ಗೊತ್ತಾಗುವ ಹೊತ್ತಿಗೆ ಅವನು ಘಾಟಿ ದಾಟಿ ಮನೆ ಸೇರಿರುತ್ತಾನೆ. ಆಚೆಯ ಅಧಿಕಾರಿ ಹಿಡಿಯುವುದು ಅವನ ಮಿತ್ರನನ್ನು. ಮಿತ್ರನ ಕುರಿ ಹೋಗುತ್ತವೆ, ಡೇರೆ ಹೋಗುತ್ತದೆ, ತಪ್ಪು ದೊಡ್ಡದಾದರೆ ಮಣಿಕಟ್ಟಿನಿಂದ ಕೈಯೂ ಹೋಗುತ್ತದೆ.

ಪರ್ಮಲ್‌ನ ಮಿತ್ರ ಚೋಫೆಲ್. ಗ್ಯಾನಿಮಾದ ಪೂರ್ವಕ್ಕೆ ಎರಡು ದಿನದ ದಾರಿಯಲ್ಲಿ ಕುರಿ ಮೇಯಿಸಿಕೊಂಡಿದ್ದ ಎತ್ತರದ ಆಳು. ಮಾತು ನಿಧಾನ, ಜಪ ಜೋರು. ಆಡು ಮತ್ತು ಲಾಮಾನ ಟೋಪಿಯ ಒಂದು ನಗೆಮಾತನ್ನು ವರ್ಷ ವರ್ಷವೂ ಹೇಳುತ್ತಿದ್ದ. ಹೇಳಿ ಮುಗಿಯುವ ಮೊದಲೇ ತಾನೇ ನಕ್ಕುಬಿಡುತ್ತಿದ್ದುದರಿಂದ ಅದರ ಕೊನೆ ಏನೆಂದು ಪರ್ಮಲ್‌ಗೆ ಹದಿನಾಲ್ಕು ವರ್ಷವಾದರೂ ತಿಳಿದಿರಲಿಲ್ಲ. ಇಬ್ಬರೂ ಹುಡುಗರಾಗಿದ್ದಾಗ ಅಪ್ಪಂದಿರ ಎದುರಿಗೆ ಕಲ್ಲು ಒಡೆದವರು.

ಹೀಗಿದ್ದಾಗ ಕೆಳಗಿನ ಪಟ್ಟಣದ ಅಳತೆ ಕಚೇರಿಯ ದೊರೆಗೆ ಹುಣದೇಶದ ನಕ್ಷೆ ಬೇಕಾಯಿತು. ಬಿಳಿಯ ಮುಖದವರು ಅಲ್ಲಿಗೆ ಹೋದರೆ ತಿರುಗಿ ಬರುವುದಿಲ್ಲ. ನಮ್ಮ ಮುಖ ಅಲ್ಲಿಯವರ ಮುಖದ ಹಾಗೆಯೇ ಇದೆ, ಅಲ್ಲಿನ ಮಾತು ನಮಗೆ ಬರುತ್ತದೆ. ಅದಕ್ಕೇ ಆಳು ಹುಡುಕುತ್ತಾ ನಮ್ಮ ಕಣಿವೆಗೆ ಬಂದರು. ಪರ್ಮಲ್ ಸಂಬಳದ ಆಸೆಗೆ ಒಪ್ಪಿದ ಎಂದು ಊರು ಮಾತಾಡಿಕೊಂಡಿತು. ಸುಳ್ಳು. ಎರಡು ವರ್ಷದ ಉಣ್ಣೆಯಲ್ಲಿ ಅಷ್ಟನ್ನು ಅವನೇ ದುಡಿಯುತ್ತಿದ್ದ. ಗ್ಯಾನಿಮಾದ ಸಂತೆಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಒಂದು ಕೆಂಪು ಬೆಟ್ಟದ ಸಾಲು ಕಾಣಿಸುತ್ತದೆ. ಅದರ ಹಿಂದೆ ಏನಿದೆ ಎಂದು ಅವನು ಹನ್ನೆರಡನೆಯ ವಯಸ್ಸಿನಿಂದ ಕೇಳುತ್ತಿದ್ದ, ಎಲ್ಲರೂ ಬೆಟ್ಟವೇ ಇದೆ ಎನ್ನುತ್ತಿದ್ದರು. ಅವನಿಗೆ ಅದು ಸಾಕಾಗಲಿಲ್ಲ, ಅಷ್ಟೇ.

ಕಚೇರಿಯಲ್ಲಿ ಎರಡು ವರ್ಷ ಅವನಿಗೆ ನಡಿಗೆ ಕಲಿಸಿದರು. ಮೂವತ್ತು ದಾಟಿದ ಗಂಡಸಿಗೆ, ಅದೂ ಕುರಿಯ ಹಿಂದೆ ಸುತ್ತಿ ಅರ್ಧ ಆಯುಷ್ಯ ಕಳೆದವನಿಗೆ, ನಡಿಗೆ ಕಲಿಸುವುದೆಂದರೆ ಕೇಳಿದವರು ನಗುತ್ತಾರೆ. ಆದರೆ ಏರಿನಲ್ಲಿ, ಇಳಿಜಾರಿನಲ್ಲಿ, ಕೆಸರಿನಲ್ಲಿ, ಹಿಮದಲ್ಲಿ, ಹಸಿವಿನಲ್ಲಿ ಒಂದೇ ಅಳತೆಯ ಹೆಜ್ಜೆ ಹಾಕುವುದು ಹುಡುಗಾಟವಲ್ಲ. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ. ಎಣಿಸಲು ಕೈಯಲ್ಲಿ ಜಪಮಾಲೆ. ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು. ಎಲ್ಲರ ಮಾಲೆಯಲ್ಲಿ ನೂರೆಂಟು ಮಣಿ, ಇವನದರಲ್ಲಿ ಮಾತ್ರ ನೂರು, ಲೆಕ್ಕಕ್ಕೆ ಅನುಕೂಲ ಎಂದು. ಒಂದು ಸುತ್ತು ಮುಗಿದರೆ ಹತ್ತು ಸಾವಿರ ಹೆಜ್ಜೆ, ಐದು ಮೈಲಿ. ನೋಡಿದವರಿಗೆ ಯಾರೋ ಭಕ್ತ ಜಪ ಮಾಡುತ್ತಾ ಹೋಗುತ್ತಿದ್ದಾನೆ ಎನಿಸಬೇಕು. ಸುತ್ತಿನ ಲೆಕ್ಕ ಬರೆದ ಚೀಟಿಯನ್ನು, ಲಾಮಾಗಳು ಕೈಯಲ್ಲಿ ಹಿಡಿದು ತಿರುಗಿಸುವಂಥ ಪ್ರಾರ್ಥನೆಯ ಚಕ್ರದೊಳಗೆ ಸುರುಳಿ ಸುತ್ತಿಡಬೇಕು.

ಮೊದಲ ಸಲ ಅವನನ್ನು ಪಶ್ಚಿಮಕ್ಕೆ ಕಳಿಸಿದರು. ಐದು ತಿಂಗಳು ನಡೆದು ಬಂದ. ಅವನ ಹೆಜ್ಜೆಯ ಲೆಕ್ಕವನ್ನೂ ದಾರಿಯಲ್ಲಿ ರಾತ್ರಿ ಅವನೇ ನಕ್ಷತ್ರ ನೋಡಿ ಬರೆದು ತಂದ ಲೆಕ್ಕವನ್ನೂ ಹೊಂದಿಸಿ ನೋಡಿದ ದೊರೆ, ನಿನ್ನ ಕಾಲು ನನ್ನ ಅಳತೆಯ ಸರಪಳಿಗಿಂತ ನೆಟ್ಟಗಿದೆ ಎಂದನಂತೆ. ಇದೊಂದು ಮಾತನ್ನು ಪರ್ಮಲ್ ಮರ್ತೋಲಿಯಲ್ಲಿ ಹೇಳದ ಮನೆಯಿಲ್ಲ. ಮಾತಿನಲ್ಲಿ ಮಿತವಾಗಿದ್ದ, ಜಗಳವಾಡದ, ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸದ ಗಂಡಸು. ಆದರೆ ಕಾಲಿನ ಮಾತು ಬಂದರೆ ಅವನ ಜಂಬ ನೋಡಲಾಗುತ್ತಿರಲಿಲ್ಲ. ಮದುವೆಗೆ ಹೋದರೂ, ಮಸಣಕ್ಕೆ ಹೋದರೂ ಅದೇ ಸರಪಳಿಯ ಕಥೆ. ಪದಿಮಾ ಅವನ ಎದುರಿಗೇ ನೆರೆಯವರಿಗೆ, ಇವರ ಕಾಲನ್ನು ಪೂಜೆಗೆ ಇಟ್ಟುಬಿಡೋಣ ಅಂತಿದೀನಿ ಎನ್ನುತ್ತಿದ್ದಳು.

ಎರಡನೆಯ ಸಲ ಪೂರ್ವಕ್ಕೆ, ಆ ಕೆಂಪು ಬೆಟ್ಟದ ಹಿಂದಕ್ಕೆ. ಆ ದಾರಿ ಗ್ಯಾನಿಮಾ ದಾಟಿ ಹೋಗಬೇಕು, ಅಲ್ಲಿ ಚೋಫೆಲ್ ಹೊಣೆ ನಿಲ್ಲಬೇಕು. ಪರ್ಮಲ್ ಮಿತ್ರನ ಹತ್ತಿರ, ತಾಯಿ ತೀರಿಕೊಂಡಿದ್ದಾಳೆ, ಅವಳ ಹೆಸರಿನಲ್ಲಿ ಸರೋವರದ ಯಾತ್ರೆ ಮಾಡುತ್ತೇನೆ ಎಂದ. ತಾಯಿ ತೀರಿಕೊಂಡದ್ದು ನಿಜ, ಯಾತ್ರೆಯ ಮಾತು ಸುಳ್ಳು. ಚೋಫೆಲ್ ಆ ಹೆಂಗಸಿಗಾಗಿ ನಿಂತಲ್ಲೇ ಅತ್ತ. ಆಮೇಲೆ ಅಧಿಕಾರಿಯ ಗುಮಾಸ್ತನ ಎದುರು ತನ್ನ ಅರ್ಧ ಕಲ್ಲನ್ನು ಇಟ್ಟು, ಇವನು ಸರೋವರ ಸುತ್ತಿ ವಾಪಸು ಬರುತ್ತಾನೆ, ಬೇರೆಲ್ಲೂ ಹೋಗುವುದಿಲ್ಲ, ಹೋದರೆ ನನ್ನನ್ನು ಕೇಳಿ ಎಂದು ಹೇಳಿ ಬಂದ. ಪರ್ಮಲ್ ಪಕ್ಕದಲ್ಲೇ ನಿಂತಿದ್ದ. ಅವನು ಒಳ್ಳೆಯ ಮನುಷ್ಯ ಎಂದೇ ನಾನು ಹೇಳುತ್ತಾ ಬಂದಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ಆ ದಿನ ಅವನು ಮಾಡಿದ್ದು ಒಳ್ಳೆಯವನು ಮಾಡುವ ಕೆಲಸವಲ್ಲ. ಮಿತ್ರನ ಕೈಯನ್ನು ಅಡವಿಟ್ಟು ಬೆಟ್ಟದ ಹಿಂದೆ ಏನಿದೆ ಎಂದು ನೋಡಲು ಹೊರಟ.

ಅಲ್ಲಿಂದ ಚೋಫೆಲ್‌ನ ಡೇರೆಗೆ ಬರುವಷ್ಟರಲ್ಲಿ ಪರ್ಮಲ್‌ಗೆ ಜ್ವರ ಹಿಡಿಯಿತು. ನಾಲ್ಕು ದಿನ ಮೇಲೇಳಲಿಲ್ಲ. ಚೋಫೆಲ್‌ನ ಹೆಂಡತಿ ಎಲುಬಿನ ಸಾರು ಕುಡಿಸಿದಳು, ಚೋಫೆಲ್ ತಲೆಯ ಹತ್ತಿರ ಕೂತು ಜಪ ಮಾಡಿದ. ಕಾಯಿಲೆಯವನಿಗಾಗಿ ಜಪ ಮಾಡುವಾಗ ಅವರು ತಮ್ಮ ಮಾಲೆ ಹಿಡಿಯುವುದಿಲ್ಲ, ಕಾಯಿಲೆಯವನ ಮಾಲೆಯಲ್ಲೇ ಮಾಡುತ್ತಾರೆ, ಪುಣ್ಯ ನೇರವಾಗಿ ಅವನಿಗೇ ಸೇರಲಿ ಎಂದು. ಎರಡು ಸುತ್ತು ಮುಗಿಸುವುದರೊಳಗೆ ಚೋಫೆಲ್‌ನ ಬೆರಳಿಗೆ ಏನೋ ಸರಿಯಿಲ್ಲ ಎನಿಸಿತು. ಎಣಿಸಿದ. ನೂರು. ಇನ್ನೊಮ್ಮೆ ಎಣಿಸಿದ, ನೂರೇ. ಪಾಪದ ಮಿತ್ರ, ಕೆಳಗಿನ ಬಜಾರಿನ ಯಾವನೋ ಕಳ್ಳ ಎಂಟು ಮಣಿ ಕಮ್ಮಿ ಮಾಡಿ ಮಾರಿಬಿಟ್ಟಿದ್ದಾನೆ, ವರ್ಷಗಟ್ಟಲೆ ಇವನ ಜಪವೆಲ್ಲ ಅರೆಬರೆಯಾಗಿದೆ, ಜ್ವರ ಬರದೆ ಇನ್ನೇನಾಗುತ್ತದೆ ಎಂದುಕೊಂಡ. ತನ್ನ ಮಾಲೆಯ ದಾರ ಬಿಚ್ಚಿ ಎಂಟು ಮಣಿ ತೆಗೆದ. ಅವನದೂ ಕರಿ ಮರದ ಮಣಿಯೇ, ಇವನದೂ ಅದೇ. ಎಂಟನ್ನೂ ಪರ್ಮಲ್‌ನ ಮಾಲೆಗೆ ಪೋಣಿಸಿ ನೂರೆಂಟು ಮಾಡಿ ಗಂಟು ಹಾಕಿ ಅವನ ತಲೆದಿಂಬಿನ ಕೆಳಗಿಟ್ಟ. ಮಾಡಿದ ಪುಣ್ಯವನ್ನು ಬಾಯಿಬಿಟ್ಟು ಹೇಳಿದರೆ ಅದು ಉಳಿಯುವುದಿಲ್ಲ ಎಂದು ನಂಬುವ ಜನ ಅವರು. ಚೋಫೆಲ್ ಹೇಳಲಿಲ್ಲ.

ಮರುದಿನವೇ ಜ್ವರ ಇಳಿಯಿತು. ಪರ್ಮಲ್ ಮಾಲೆ ಹಿಡಿದು ಪೂರ್ವಕ್ಕೆ ಹೊರಟ.

ನಲವತ್ತೊಂದು ದಿನ ನಡೆದ. ಕೆಂಪು ಬೆಟ್ಟದ ಹಿಂದೆ ಇನ್ನೊಂದು ಕೆಂಪು ಬೆಟ್ಟವಿತ್ತು. ಅದರ ಹಿಂದೆ, ಯಾರೂ ಹೇಳದಿದ್ದ ಒಂದು ಉಪ್ಪಿನ ಸರೋವರ, ನಮ್ಮ ಮರ್ತೋಲಿ, ಮಿಲಮ್, ಬುರ್ಫು ಮೂರೂ ಊರುಗಳನ್ನು ಒಟ್ಟಿಗೆ ಮುಳುಗಿಸುವಷ್ಟು ದೊಡ್ಡದು. ದಂಡೆಯ ಮೇಲೆ ಕೂತು ಒಣಮಾಂಸ ತಿಂದ. ಅದಕ್ಕಿಂತ ರುಚಿಯಾದ ಊಟ ತಾನು ಮಾಡಿಲ್ಲ ಎಂದು ಮುಂದೆ ಬಹಳ ಸಲ ಹೇಳಿದ್ದಾನೆ. ಒಂದು ಸಲ ಅವನಿಗೆ ಒಂದು ಸುತ್ತು ಬೇಗ ಮುಗಿಯುತ್ತಿಲ್ಲ, ಐದು ಮೈಲಿಗೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ ಎನಿಸಿತು. ಜ್ವರದ ಸುಸ್ತು ಇನ್ನೂ ಹೋಗಿಲ್ಲ, ವಯಸ್ಸೂ ಆಯಿತು ಎಂದುಕೊಂಡು ನಡೆದ. ಬರುವಾಗ ಬೇರೆ ಘಾಟಿ ಹಿಡಿದು ಬಂದದ್ದರಿಂದ ಚೋಫೆಲ್‌ನನ್ನು ನೋಡಲಿಲ್ಲ. ಯಾತ್ರಿಕರು ಹಾಗೆ ಬೇರೆ ದಾರಿಯಲ್ಲಿ ಹೋಗುವುದು ಇದ್ದದ್ದೇ, ಗುಮಾಸ್ತನೂ ಕೇಳಲಿಲ್ಲ.

ಕಚೇರಿಯಲ್ಲಿ ಲೆಕ್ಕ ಕೂಡಲಿಲ್ಲ. ಚೋಫೆಲ್‌ನ ಡೇರೆ ಇದ್ದ ಜಾಗದವರೆಗೆ ಹೆಜ್ಜೆಗೂ ನಕ್ಷತ್ರಕ್ಕೂ ಹೊಂದಿಕೆಯಿತ್ತು. ಅಲ್ಲಿಂದ ಮುಂದೆ ನೂರೆಂಟು ಮೈಲಿ ಇರಬೇಕಾದ ಕಡೆಯಲ್ಲೆಲ್ಲ ಪರ್ಮಲ್ ನೂರು ಎಂದು ಬರೆದಿದ್ದ. ದೊರೆ ಮೂರು ದಿನ ಕಾಗದದ ಮೇಲೆ ಬಾಗಿಯೇ ಇದ್ದ. ಕಚೇರಿಯ ಮುನ್ಶಿ ಹರಿವಲ್ಲಭ, ಕೆಳಗಿನ ಕಡೆಯ ಬ್ರಾಹ್ಮಣ, ನಮ್ಮವರ ಬಾಯಿಂದ ಕುರಿಯ ವಾಸನೆ ಬರುತ್ತದೆ ಎನ್ನುವ ಪೈಕಿ, ಕನ್ನಡಕದ ಮೇಲಿಂದ ಪರ್ಮಲ್‌ನನ್ನು ನೋಡಿದ.

“ನೂರಕ್ಕೆ ಎಂಟು ಕಮ್ಮಿ. ಏಳೂ ಅಲ್ಲ, ಒಂಬತ್ತೂ ಅಲ್ಲ, ಎಂಟು. ಏನಪ್ಪಾ ಇದು ನಿನ್ನ ಆಟ? ನಾಳೆ ಬರುವಾಗ ಆ ಮಾಲೆ ತಗೊಂಡ್ಬಾ, ನೋಡೋಣ.”

ಪರ್ಮಲ್ ಬಿಡಾರಕ್ಕೆ ಬಂದು ಬಾಗಿಲು ಹಾಕಿಕೊಂಡು ಮಣಿ ಎಣಿಸಿದ. ನೂರೆಂಟು. ಮತ್ತೆ ಎಣಿಸಿದ, ಅಷ್ಟೇ. ಕಿಟಕಿಯ ಬಿಸಿಲಿಗೆ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದ, ಆಮೇಲೆ ಮೂಸಿ ನೋಡಿದ. ನೂರು ಮಣಿಗೆ ಅವನ ಬೆವರಿನ ವಾಸನೆ. ಗಂಟಿನ ಪಕ್ಕದ ಎಂಟಕ್ಕೆ ಬೆಣ್ಣೆಯದು, ಧೂಪದ ಹೊಗೆಯದು, ಚೋಫೆಲ್‌ನ ಡೇರೆಯದು. ಮಾಲೆ ತನ್ನ ಕೈ ಬಿಟ್ಟದ್ದು ಆ ನಾಲ್ಕು ದಿನ ಮಾತ್ರ. ಯಾರು ಮಾಡಿದರು, ಯಾಕೆ ಮಾಡಿದರು ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಮಿತ್ರನನ್ನು ಬೈಯಬೇಕೋ ಅಳಬೇಕೋ ತಿಳಿಯದೆ ಚಾಪೆಯ ಮೇಲೆ ಕೂತ.

ನಿಜ ಹೇಳಿದರೆ ಎಲ್ಲ ಸರಿಹೋಗುತ್ತಿತ್ತು. ಇಂಥವರು ಎಂಟು ಮಣಿ ಸೇರಿಸಿದ್ದಾರೆ ಎಂದರೆ ದೊರೆ ಒಂದೇ ಗುಣಾಕಾರದಲ್ಲಿ ನಲವತ್ತೊಂದು ದಿನವನ್ನೂ ನೇರ ಮಾಡಿಬಿಡುತ್ತಿದ್ದ. ಉಪ್ಪಿನ ಸರೋವರ ನಕ್ಷೆಯಲ್ಲಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಪರ್ಮಲ್‌ನ ಕಾಲಿಗೆ ಕಳಂಕ ಬರುತ್ತಿರಲಿಲ್ಲ. ಆದರೆ ಆ ಕಚೇರಿಗೆ ಒಂದು ಚಾಳಿ. ಬಂದವರನ್ನು ಯಾರು, ಎಲ್ಲಿ, ಯಾವಾಗ ಎಂದು ಕೆದಕಿ ಕೇಳಿ, ಹೇಳಿದ್ದನ್ನೆಲ್ಲ ಅಚ್ಚು ಹಾಕಿಸುವುದು. ನಡೆದವನ ಹೆಸರು ಗುಟ್ಟಾಗಿರಲಿ ಎಂದು ಅಲ್ಲಿ ಎರಡೇ ಅಕ್ಷರ ಹಾಕುತ್ತಿದ್ದರು. ಅವನಿಗೆ ಅನ್ನ ಹಾಕಿದವನ ಹೆಸರು ಮಾತ್ರ ಪೂರ್ತಿಯಾಗಿ, ಊರು ಕೇರಿ ಸಮೇತ. ಅಂಥ ಒಂದು ಪುಸ್ತಕ ಹಿಮ ದಾಟಿ ಹೋಗಿ ಆಚೆಯ ಅಧಿಕಾರಿಗಳ ಕೈಗೆ ಸಿಕ್ಕಿದ್ದರಿಂದ, ಪಶ್ಚಿಮದ ಕಡೆಯ ಒಬ್ಬ ಧಾನ್ಯದ ವ್ಯಾಪಾರಿಯನ್ನು ಹಿಂದಿನ ವರ್ಷ ಸಂತೆಯ ನಡುವೆ ಚಾಟಿಯಲ್ಲಿ ಹೊಡೆದಿದ್ದರು. ಅವನು ಮಾಡಿದ್ದು ಒಬ್ಬ ದಾರಿಹೋಕನಿಗೆ ಎರಡು ದಿನ ಜಾಗ ಕೊಟ್ಟದ್ದು. ಚೋಫೆಲ್ ಮಾಡಿದ್ದು ಅಷ್ಟೇ ಅಲ್ಲ. ಕಲ್ಲು ಇಟ್ಟು ಹೊಣೆ ನಿಂತಿದ್ದ, ಮಾಲೆಗೂ ಕೈ ಹಾಕಿದ್ದ. ಗೊತ್ತಿಲ್ಲದೆ ಮಾಡಿದ ಎಂದರೆ ಯಾವ ಅಧಿಕಾರಿ ನಂಬುತ್ತಾನೆ?

ಪರ್ಮಲ್ ಗಂಟು ಬಿಚ್ಚಿ ಎಂಟು ಮಣಿಗಳನ್ನು ತೆಗೆದು ಸೊಂಟದ ಬಟ್ಟೆಗೆ ಕಟ್ಟಿಕೊಂಡ. ಮಾಲೆಗೆ ಮತ್ತೆ ಗಂಟು ಹಾಕಿದ.

ಮರುದಿನ ಮುನ್ಶಿ ಎರಡು ಸಲ ಎಣಿಸಿದ, ನೂರೇ ಬಂತು. ಅವನ ಮುಖ ಹುಳ್ಳಗಾಯಿತು. ಮಾಲೆ ಬೇರೆ ಯಾರ ಕೈಗಾದರೂ ಹೋಗಿತ್ತೇ ಎಂದು ದೊರೆ ಮುನ್ಶಿಯ ಬಾಯಿಂದ ಕೇಳಿಸಿದ. ದೊರೆ ಕೆಟ್ಟವನಲ್ಲ, ಇವನನ್ನು ಉಳಿಸಲೇಬೇಕು ಎಂದು ಕೇಳಿದ ಹಾಗಿತ್ತು. ಹೋಗಿಲ್ಲ ಎಂದ ಪರ್ಮಲ್.

“ಹಾಗಾದ್ರೆ ಈ ಎಂಟು ಎಲ್ಲಿಗೆ ಹೋಯ್ತು?”

“ನಾನೇ ತಪ್ಪು ಎಣಿಸಿದೆ. ಜ್ವರ ಬಂದಿತ್ತು, ತಲೆ ನೆಟ್ಟಗಿರಲಿಲ್ಲ.”

“ನಲವತ್ತೊಂದು ದಿನವೂ, ಒಂದೇ ಸಮ ನೂರಕ್ಕೆ ಎಂಟು?”

“ಒಂದು ದಿನ ಮಾಡಿದ ತಪ್ಪನ್ನೇ ದಿನಾ ಮಾಡಿದೆ.”

ಮುನ್ಶಿ ಇದನ್ನು ದೊರೆಯ ಭಾಷೆಗೆ ತಿರುಗಿಸಿ ಹೇಳುವಾಗ ನಕ್ಕ. ದೊರೆ ನಗಲಿಲ್ಲ. ಬಹಳ ಹೊತ್ತು ಪರ್ಮಲ್‌ನ ಕಾಲನ್ನೇ ನೋಡಿದ. ಕಾರಣ ತಿಳಿಯದ ತಪ್ಪನ್ನು ಅಂದಾಜಿನಿಂದ ತಿದ್ದಿ ನಕ್ಷೆಗೆ ಹಾಕುವುದು ಅವರಲ್ಲಿ ಇಲ್ಲ. ಆ ದಾರಿಯನ್ನು ಗೆರೆಯಾಗಿ ಎಳೆಯದೆ ಚುಕ್ಕೆ ಚುಕ್ಕೆಯಾಗಿ ಹಾಕಿದರು. ನಂಬಬೇಡಿ ಎಂದು ಅದರರ್ಥ. ದಿಕ್ಸೂಚಿ, ಪ್ರಾರ್ಥನೆಯ ಚಕ್ರ ಎಲ್ಲ ವಾಪಸು ತೆಗೆದುಕೊಂಡರು. ಮಾಲೆಯನ್ನು ಮುನ್ಶಿ ಮೇಜಿನಾಚೆಯಿಂದ ಎಸೆದ, ತಗೊಂಡು ಹೋಗು ಎಂದ. ಹೊಸ ಕೆಲಸದ ಮಾತು ಯಾರೂ ಎತ್ತಲಿಲ್ಲ.

ಸುದ್ದಿ ಪರ್ಮಲ್‌ಗಿಂತ ಮೊದಲೇ ಊರು ಮುಟ್ಟಿತ್ತು. ಅಷ್ಟು ವರ್ಷ ಸರಪಳಿಯ ಕಥೆ ಕೇಳಿ ಕೇಳಿ ಬೇಸತ್ತಿದ್ದ ಜನಕ್ಕೆ ಹಬ್ಬವಾಯಿತು. ಹೆಜ್ಜೆ ನುಂಗಿದ ಪರ್ಮಲ್ ಎಂದು ಹೆಸರಿಟ್ಟರು. ಊಟೆಯ ಹತ್ತಿರ ಹೋದರೆ, ದಾಜ್ಯೂ, ಇವತ್ತು ಎಷ್ಟಾಯ್ತು, ಎಂಟು ಬಿಟ್ಟು ಹೇಳು ಎನ್ನುತ್ತಿದ್ದರು. ಅಣ್ಣ ಎಂದು ಕರೆದು ಅಣಕಿಸಿದರೆ ಉರಿ ಹೆಚ್ಚು. ಪರ್ಮಲ್ ನೀರು ತುಂಬಿಕೊಂಡು ಬಂದುಬಿಡುತ್ತಿದ್ದ. ಅವನು ಅದನ್ನು ಸುಲಭವಾಗಿ ಹೊಟ್ಟೆಗೆ ಹಾಕಿಕೊಂಡ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಆ ಚಳಿಗಾಲದಲ್ಲಿ ಅವನು ಅರ್ಧದಷ್ಟಾದ.

ತೇಜಮ್‌ನ ಮನೆಯಲ್ಲಿ ಕಂಬಳಿ ಒಗೆಯಲು ತೆಗೆದಾಗ ಪದಿಮಾಗೆ ಅರ್ಧ ಕಲ್ಲಿನ ಜೊತೆ ಗಂಟು ಕಟ್ಟಿಟ್ಟ ಎಂಟು ಮಣಿ ಸಿಕ್ಕಿದವು. ಗಂಡನ ಮುಂದೆ ತಂದಿಟ್ಟಳು. ಅವನು ಏನೂ ಇಲ್ಲ ಎಂದ.

“ಏನೂ ಇಲ್ದೆ ಇರೋದನ್ನ ಕಲ್ಲಿನ ಜೊತೆ ಯಾಕೆ ಇಡ್ತಾರೆ? ನೋಡು, ನೀನು ತಪ್ಪು ಎಣಿಸೋ ಗಂಡಸಲ್ಲ. ನಿಮ್ಮಮ್ಮನ್ನ ಹೊತ್ಕೊಂಡು ಹೋದ ದಿನವೇ ತಪ್ಪಲಿಲ್ಲ.”

ಆಗ ಪರ್ಮಲ್ ಎಲ್ಲವನ್ನೂ ಹೇಳಿದ. ಪದಿಮಾ ಕೇಳಿ, ನೀನು ಅಲ್ಲಿ ಕಚೇರಿಯಲ್ಲಿ ಮಾಡಿದ್ದು ಸರಿ, ಗ್ಯಾನಿಮಾದಲ್ಲಿ ಮಾಡಿದ್ದು ತಪ್ಪು ಎಂದಳು. ಆಮೇಲೆ ಮಾಲೆ ಇಸಿದುಕೊಂಡು, ಹಳೆಯ ದಾರ ಕಿತ್ತು, ಆಡಿನ ಕೂದಲಿನ ಗಟ್ಟಿ ದಾರದಲ್ಲಿ ನೂರೆಂಟನ್ನೂ ಸೇರಿಸಿ ಪೋಣಿಸಿದಳು. ಇನ್ನು ಎಣಿಸಿದ್ದು ಸಾಕು, ಸ್ವಲ್ಪ ದೇವರ ಹೆಸರು ಹೇಳು ಎಂದು ಅವನ ಕೊರಳಿಗೆ ಹಾಕಿದಳು.

ಬೇಸಿಗೆಗೆ ಘಾಟಿ ತೆರೆಯಿತು. ಪರ್ಮಲ್ ಮೊದಲಿನಂತೆ ಕುರಿಗಳಿಗೆ ಚೀಲ ಬಿಗಿದು ಗ್ಯಾನಿಮಾಕ್ಕೆ ಹೋದ. ಚೋಫೆಲ್ ದೂರದಿಂದಲೇ ಕೈ ಎತ್ತಿಕೊಂಡು ಬಂದ. ಬಂದವನೇ ಆಡಿನ ನಗೆಮಾತು ಶುರು ಮಾಡಿದ. ಪಕ್ಕದಲ್ಲಿ ಉಣ್ಣೆ ತೂಗುತ್ತಿದ್ದ, ನಮ್ಮ ಕಣಿವೆಯದೇ ಬಿಲ್ಜು ಊರಿನ ಒಬ್ಬ, ಹೆಜ್ಜೆ ನುಂಗಿದವರು ಬಂದರಪ್ಪಾ, ತಕ್ಕಡಿ ಮುಚ್ಚಿಟ್ಟುಕೊಳ್ಳಿ ಎಂದ. ಹಾಗೆಂದರೇನು ಎಂದು ಚೋಫೆಲ್ ಕೇಳಿದ. ನಮ್ಮೂರಿನ ತಮಾಷೆ ಎಂದು ಪರ್ಮಲ್ ಮಾತು ತೇಲಿಸಿದ.

ಮೂರನೆಯ ದಿನ ಬೆಳಿಗ್ಗೆ ಅಧಿಕಾರಿಯ ಗುಮಾಸ್ತ ಆರು ಜನ ಆಳುಗಳ ಜೊತೆ ಬಂದು ಜೋಹಾರದವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಅವರವರ ಮಿತ್ರರು ಅವರವರ ಪಕ್ಕದಲ್ಲಿ ಅರ್ಧ ಕಲ್ಲು ಹಿಡಿದು ನಿಲ್ಲಬೇಕು. ನೆಲ ಅಳೆಯುವ ಕಳ್ಳರು ಯಾತ್ರಿಕರ ವೇಷದಲ್ಲಿ ಬರುತ್ತಿದ್ದಾರೆ, ಅವರ ಗುರುತು ಈಗ ಸಿಕ್ಕಿದೆ ಎಂದು ಗುಮಾಸ್ತ ಎಲ್ಲರಿಗೂ ಕೇಳುವಂತೆ ಹೇಳಿದ. ಅವರ ಮಾಲೆಯಲ್ಲಿ ನೂರೆಂಟು ಇರುವುದಿಲ್ಲ, ನೂರು ಇರುತ್ತದೆ. ಜೋಹಾರದವರೆಲ್ಲ ಮಾಲೆ ತೆಗೆಯಿರಿ.

ಪರ್ಮಲ್ ಪಕ್ಕಕ್ಕೆ ನೋಡಿದ. ಚೋಫೆಲ್ ಅವನನ್ನೇ ನೋಡುತ್ತಿದ್ದ. ನಿಧಾನದ ಮನುಷ್ಯನಾದರೂ ಇದನ್ನು ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಮಾಲೆಯಲ್ಲಿ ನೂರೇ ಮಣಿ ಇದ್ದದ್ದನ್ನು ತನ್ನ ಬೆರಳಿನಿಂದ ಎಣಿಸಿ ನೋಡಿದವನು ಅವನು. ಯಾತ್ರೆ, ತಾಯಿಯ ಹೆಸರು, ತಾನು ಅತ್ತದ್ದು, ತಾನು ಇಟ್ಟ ಕಲ್ಲು ಎಲ್ಲ ಒಟ್ಟಿಗೆ ಅವನ ಮುಖದ ಮೇಲೆ ಬಂದವು. ಈಗ ಅವನು ಬಾಯಿ ತೆರೆದರೆ ಪರ್ಮಲ್ ಹೋದ. ತೆರೆಯದಿದ್ದರೆ, ಮತ್ತು ಮಾಲೆ ಹೇಗೋ ಮತ್ತೆ ನೂರಾಗಿದ್ದರೆ, ಇಬ್ಬರೂ ಹೋದರು. ಚೋಫೆಲ್ ಬಾಯಿ ತೆರೆಯಲಿಲ್ಲ. ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಗುಮಾಸ್ತನ ಆಳು ಪರ್ಮಲ್‌ನ ಮಾಲೆ ತೆಗೆದುಕೊಂಡು ಗಟ್ಟಿಯಾಗಿ ಎಣಿಸಿದ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಅಲ್ಲಿ ಉಸಿರು ಎಳೆದುಕೊಂಡು ಮುಂದುವರಿಸಿದ. ನೂರೆಂಟಕ್ಕೆ ನಿಲ್ಲಿಸಿ ಮಾಲೆಯನ್ನು ಹಿಂದಕ್ಕೆ ಕೊಟ್ಟ, ಮುಂದಿನವನ ಕಡೆ ತಿರುಗಿದ.

ಸಂತೆಯ ಗದ್ದಲದಿಂದ ದೂರ, ಕುರಿಗಳು ಮಲಗಿದ್ದ ಕಡೆ ಇಬ್ಬರೂ ಹೋಗಿ ಕೂತರು.

“ಅವತ್ತು ನೂರೇ ಇತ್ತು,” ಎಂದ ಚೋಫೆಲ್.

“ಹೂಂ.”

“ಅಂಗಡಿಯವನು ಮೋಸ ಮಾಡಿದಾನೆ ಅಂದ್ಕೊಂಡೆ. ಒಂದು ವರ್ಷದಿಂದ ಅವನಿಗೆ ಶಾಪ ಹಾಕ್ತಾ ಇದೀನಿ.”

“ಅಂಗಡಿಯವನು ಅಂತ ಯಾರೂ ಇಲ್ಲ.”

“ಹಂಗಾದ್ರೆ ಆ ಶಾಪ ಎಲ್ಲ ಯಾರಿಗೆ ಹೋಯ್ತು?”

ಪರ್ಮಲ್ ನೆಲ ನೋಡಿದ. ತನಗೇ ಬಂತು ಎಂದುಕೊಂಡ. ಚೋಫೆಲ್ ತನ್ನ ದೊಡ್ಡ ಅಂಗೈಗಳನ್ನು ಮುಂದೆ ಚಾಚಿ ತಿರುಗಿಸಿ ನೋಡಿಕೊಂಡ.

“ಇದು ಹೋಗ್ತಿತ್ತು. ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ಹೋದೆ.”

“ಹೋದೆ.”

ಒಂದು ಕುರಿ ಎದ್ದು ಬಂದು ಪರ್ಮಲ್‌ನ ತೋಳು ನೆಕ್ಕಿತು.

“ನಾನು ಎಂಟು ಸೇರಿಸಿದ್ದಕ್ಕೆ ನಿನ್ನ ಲೆಕ್ಕ ಕೆಟ್ಟಿರಬೇಕಲ್ಲ. ಅವರು ಕೇಳಲಿಲ್ವಾ?”

“ಕೇಳಿದ್ರು. ನಾನೇ ತಪ್ಪಿದೆ ಅಂದೆ.”

ಚೋಫೆಲ್ ಅದನ್ನು ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡು ಅಗಿದ ಹಾಗೆ ಮಾಡಿದ. “ಅದಕ್ಕಾ ನಿನ್ನನ್ನ ಹೆಜ್ಜೆ ನುಂಗಿದವನು ಅನ್ನೋದು?”

ಪರ್ಮಲ್ ಸೊಂಟದಿಂದ ತನ್ನ ಅರ್ಧ ಕಲ್ಲು ತೆಗೆದು ಮಿತ್ರನ ಮುಂದೆ ಇಟ್ಟ. ಬೇಕಾದರೆ ಎರಡನ್ನೂ ಹೊಳೆಗೆ ಹಾಕು, ನಾನು ಏನೂ ಅನ್ನುವುದಿಲ್ಲ ಎಂದ. ಹಾಗೆ ಹಾಕಿದರೆ ಅಲ್ಲಿಗೆ ಮೂರು ತಲೆಮಾರು ಮುಗಿಯಿತು. ಕಲ್ಲಿಲ್ಲದವನಿಗೆ ಗ್ಯಾನಿಮಾದಲ್ಲಿ ಒಂದು ಹಿಡಿ ಉಪ್ಪು ಸಿಕ್ಕುವುದಿಲ್ಲ, ಕೂರಲು ಡೇರೆಯೂ ಇರುವುದಿಲ್ಲ. ಚೋಫೆಲ್ ಎರಡು ಅರ್ಧಗಳನ್ನೂ ಕೈಗೆತ್ತಿಕೊಂಡು ಜೋಡಿಸಿದ. ಒಂದು ಕಡೆ ಚೂರು ಹಾರಿಹೋಗಿತ್ತು, ಉಳಿದಂತೆ ಕೂಡಿತು. ಮತ್ತೆ ಬಿಡಿಸಿ ಅವನ ಅರ್ಧವನ್ನು ಅವನ ತೊಡೆಯ ಮೇಲೆ ಇಟ್ಟ. ಇನ್ನೊಂದು ಸಲ ನಿಮ್ಮಮ್ಮನ ಹೆಸರಲ್ಲಿ ಸುಳ್ಳು ಹೇಳಬೇಡ, ನಾನು ಆಕೆಗಾಗಿ ನಿಜವಾಗಿ ಅತ್ತಿದ್ದೆ ಎಂದ. ಆಮೇಲೆ ತನ್ನ ಮಾಲೆ ತೆಗೆದು ಜಪಕ್ಕೆ ಶುರು ಮಾಡಿದ. ಮನಸ್ಸು ಕೆಟ್ಟಾಗ ಅವನು ಮಾಡುತ್ತಿದ್ದುದೇ ಅದು.

ಪರ್ಮಲ್ ಅಭ್ಯಾಸಬಲದಿಂದ ಅವನ ಬೆರಳನ್ನು ಎಣಿಸುತ್ತಾ ಕೂತ. ನೂರಕ್ಕೆ ಚೋಫೆಲ್‌ನ ಮಾಲೆ ಮುಗಿಯಿತು. ಅವನು ಅದನ್ನು ಎಡಗೈಗೆ ಹಾಕಿಕೊಂಡು, ಬಲಗೈಯ ಬೆರಳುಗಳನ್ನು ಮಡಚುತ್ತಾ ಐದು ಹೇಳಿದ, ಮತ್ತೆ ಬಿಚ್ಚಿ ಮೂರು ಹೇಳಿದ. ಆಮೇಲೆ ಮಾಲೆ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದ.

ಎಂಟು ಮಣಿ ಎಲ್ಲಿಂದ ಬಂದಿದ್ದವೆಂದು ಪರ್ಮಲ್ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಪೆಟ್ಟಿಗೆಯಲ್ಲೆಲ್ಲೋ ಬಿಡಿ ಮಣಿ ಇದ್ದವು ಎಂದುಕೊಂಡಿದ್ದ. ಕೊರಳಿನ ಮಾಲೆ ತೆಗೆದು ಗಂಟಿಗೆ ಹಲ್ಲು ಹಾಕಿದ. ಪದಿಮಾ ಹಾಕಿದ ಗಂಟು, ಬೇಗ ಬಿಡಲಿಲ್ಲ. ಅಷ್ಟರಲ್ಲಿ ಚೋಫೆಲ್ ಅವನ ಕೈ ಹಿಡಿದ.

“ಬೇಡ. ಮುಂದಿನ ವರ್ಷವೂ ಎಣಿಸ್ತಾರೆ. ನನಗೆ ಬೆರಳು ಉಳಿದಿದಾವಲ್ಲ, ಎಂಟು ಏನು ಮಹಾ.”

ಪರ್ಮಲ್ ಅಲ್ಲೇ ಮುಖ ಮುಚ್ಚಿಕೊಂಡು ಅತ್ತ. ತಾಯಿ ಸತ್ತಾಗ ಅಳದೆ ಉಳಿದದ್ದೂ ಅದರಲ್ಲಿ ಸೇರಿತ್ತು.

ಆಮೇಲೆ ಅವನು ಇಪ್ಪತ್ತೆರಡು ವರ್ಷ ಬದುಕಿದ. ಉಪ್ಪಿನ ಸರೋವರಕ್ಕೆ ಮತ್ತೆ ಹೋಗಲಿಲ್ಲ. ಅದನ್ನು ಸರಿಯಾಗಿ ಅಳೆದವನೆಂದು ನಕ್ಷೆಯ ಮೇಲೆ ಬೇರೆ ಯಾರದೋ ಹೆಸರು ಬಂತು. ಊರು ಅವನನ್ನು ಕೊನೆಯವರೆಗೂ ಹೆಜ್ಜೆ ನುಂಗಿದವನೆಂದೇ ಕರೆಯಿತು, ಅವನು ಅದಕ್ಕೆ ಓಗೊಡುವುದನ್ನು ಕಲಿತ. ಚೋಫೆಲ್‌ನ ಆಡಿನ ನಗೆಮಾತಿನ ಕೊನೆ ಕಡೆಗೂ ತಿಳಿಯಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಮುದುಕಿಯಾದ ಮೇಲೆ ಪದಿಮಾ.

ಗುಮಾಸ್ತ ಮಾಲೆ ಎಣಿಸಿದ ಆ ವರ್ಷ ಪರ್ಮಲ್ ಉಪ್ಪು ಇಳಿಸಿ ಮನೆಗೆ ಬಂದ ದಿನ ಅವಳು ಚಹಾ ಕೊಟ್ಟು, ಮಿತ್ರ ಸಿಕ್ಕಿದನೇ ಎಂದು ಕೇಳಿದಳಂತೆ. ಸಿಕ್ಕಿದ, ಎರಡು ದಿನದ ದಾರಿ ಅವನ ಜೊತೆ ನಡೆದುಕೊಂಡು ಅವನ ಡೇರೆಗೂ ಹೋಗಿ ಬಂದೆ ಎಂದ ಪರ್ಮಲ್. ಸಂತೆಯಿಂದ ಡೇರೆಗೆ ಎಷ್ಟಾಗುತ್ತದೆ ಎಂದು ಅವಳು ಕೇಳಿದಳು, ಅವನು ಹೇಗೂ ಹೇಳುತ್ತಾನೆ, ತಾನೇ ಕೇಳಿಬಿಡೋಣ ಎಂದು. ಪರ್ಮಲ್ ಬಾಯಿ ತೆರೆದ. ಬಟ್ಟಲು ಕೆಳಗಿಟ್ಟು ಯೋಚಿಸಿದ.

“ಗೊತ್ತಿಲ್ಲ ಕಣೇ,” ಎಂದ. “ಮಾತಾಡ್ತಾ ಹೋದ್ವಿ.”